ಡಿಸ್ಚಾರ್ಜ್ ಕಾರ್ಡಿನಲ್ಲಿ ಇಲ್ಲದ ಒಂದು ಸಾಲು

ಶಿವಮೊಗ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಎಸ್ಪಿ ಸಾಹೇಬರಿಗೆ, ಆರೋಗ್ಯ ಇಲಾಖೆಯವರಿಗೆ, ಮತ್ತು ಇದನ್ನು ಓದುವ ನಮ್ಮ ಊರಿನವರಿಗೆ,

ನಮಸ್ಕಾರ.

ನಾನು ಮೂವತ್ತು ವರ್ಷಕ್ಕೂ ಮೇಲೆ ನರ್ಸ್ ಆಗಿದ್ದವಳು. ಕೊನೆಯ 11 ವರ್ಷ ಕ್ಯಾಶುಯಾಲಿಟಿಯಲ್ಲಿ. ನಿವೃತ್ತಿಯಾಗಿ ಒಂದು ವರ್ಷದ ಮೇಲಾಯಿತು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಮುಂದೆ ಹೇಳುವ ತಪ್ಪುಗಳಲ್ಲಿ ಒಂದು ನನ್ನದೇ. ಉಳಿದವು ಯಾವುದೋ ಒಂದೇ ಆಸ್ಪತ್ರೆಯಲ್ಲಿ ಮಾತ್ರ ನಡೆಯುವಂಥವೂ ಅಲ್ಲ.

ಏಟು ತಿಂದ ಹುಡುಗನೊಬ್ಬ ಬಂದರೆ ನಾವೇನು ಮಾಡುತ್ತೇವೆ ಹೇಳುತ್ತೇನೆ. ರಕ್ತ ನಿಲ್ಲಿಸುತ್ತೇವೆ. ಟಿ.ಟಿ. ಇಂಜೆಕ್ಷನ್ ಕೊಡುತ್ತೇವೆ. ಎಂ.ಎಲ್.ಸಿ., ಅಂದರೆ ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ, ಬರೆದು ಪೊಲೀಸರಿಗೆ ತಿಳಿಸುತ್ತೇವೆ. ಹೊಲಿಗೆ ಹಾಕುತ್ತೇವೆ. ಮನೆಗೆ ಕಳಿಸುವಾಗ ಕಾರ್ಡಿನಲ್ಲಿ ಬರೆದು ಕೊಡುತ್ತೇವೆ: ಮಾತ್ರೆ ದಿನಕ್ಕೆ ಎರಡು ಸಲ, ಗಾಯಕ್ಕೆ ನೀರು ತಾಗಿಸಬೇಡಿ, 10ನೇ ದಿನ ಹೊಲಿಗೆ ಬಿಚ್ಚಿಸಲು ಬನ್ನಿ. ರಾತ್ರಿ ಎರಡು ಗಂಟೆಗೆ ಕಿರುಚಿಕೊಂಡು ಎದ್ದು ಕೂತರೆ ಎಲ್ಲಿಗೆ ಬರಬೇಕು, ಯಾರನ್ನು ಕೇಳಬೇಕು? ಅದು ಕಾರ್ಡಿನಲ್ಲಿಲ್ಲ. ಅಷ್ಟು ವರ್ಷ ಎಷ್ಟೋ ಕಾರ್ಡು ಬರೆದೆ. ನನಗೂ ಹೊಳೆಯಲಿಲ್ಲ.

ಈ ಪತ್ರ ಆ ಒಂದು ಸಾಲಿಗಾಗಿ. ಸಾಲು ಸೇರಿಸುವುದು ಸುಲಭ, ಪ್ರಿಂಟಿಂಗ್ ಪ್ರೆಸ್ಸಿನವನಿಗೆ ಹೇಳಿದರೆ ಆಯಿತು. ಆ ಸಾಲಿನ ಹಿಂದೆ ಒಬ್ಬ ಮನುಷ್ಯ ಇರಬೇಕಲ್ಲ, ಕಷ್ಟ ಅಲ್ಲಿದೆ.

ನನಗೆ ಇದು ಹೊಳೆದದ್ದು ಒಬ್ಬ ಹುಡುಗನಿಂದ. ಅವನಿಗೆ ಆಗ 16. ಹೆಸರು ಬೇಡ, ಬೀದಿಯೂ ಬೇಡ. ತಾಯಿ ಮಂಡಿಯಲ್ಲಿ ಅಡಿಕೆ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ಮಳೆಗಾಲದ ಒಂದು ಸಂಜೆ ಸ್ನೇಹಿತನ ಜೊತೆ ಮೊಬೈಲ್ ರೀಚಾರ್ಜ್ ಮಾಡಿಸಲು ಹೋದವನು ಎರಡು ಗುಂಪುಗಳ ಜಗಳದ ನಡುವೆ ಸಿಕ್ಕಿಬಿದ್ದ. ಮುಖಕ್ಕೆ ಬೀಸಿದ ಮಚ್ಚಿಗೆ ಎಡಗೈ ಅಡ್ಡ ಹಿಡಿದ. 22 ಹೊಲಿಗೆ. ಸ್ನೇಹಿತನಿಗೆ ಹೊಟ್ಟೆಗೆ ಬಿದ್ದಿತ್ತು. ಅವನು ಬೆಳಗಿನ ತನಕ ಉಳಿಯಲಿಲ್ಲ.

ಇಬ್ಬರದು ಯಾವ ಜಾತಿ, ಯಾವ ಧರ್ಮ ಎಂದು ನಿಮ್ಮಲ್ಲಿ ಕೆಲವರು ಆಗಲೇ ಲೆಕ್ಕ ಹಾಕುತ್ತಿದ್ದೀರಿ. ಗೊತ್ತು. ನಾನೂ ಇದೇ ಊರಿನವಳು. ಹೇಳುವುದಿಲ್ಲ. ಕ್ಯಾಶುಯಾಲಿಟಿಯಲ್ಲಿ ಹೊಡೆದವನೂ ಹೊಡೆಸಿಕೊಂಡವನೂ ಅಕ್ಕಪಕ್ಕದ ಬೆಡ್ಡಿನಲ್ಲೇ ಮಲಗಿರುತ್ತಾರೆ. ನಡುವೆ ಇರುವುದು ಒಂದು ಹಸಿರು ಪರದೆ. ಇಬ್ಬರ ತಾಯಂದಿರೂ ಒಂದೇ ಕಾರಿಡಾರಿನಲ್ಲಿ ನೆಲದ ಮೇಲೆ ಕೂತು ಅಳುತ್ತಾರೆ.

ಆ ರಾತ್ರಿ ಅವನನ್ನು ‘ಏನಾಯ್ತು’ ಎಂದು ಕೇಳಿದವರನ್ನು ಆಮೇಲೆ ಲೆಕ್ಕ ಹಾಕಿದೆ. ಡ್ಯೂಟಿ ಡಾಕ್ಟರ್. ನಾನು. ಆಸ್ಪತ್ರೆ ಔಟ್‌ಪೋಸ್ಟಿನ ಪೊಲೀಸ್. ಸ್ಟೇಷನ್ನಿನಿಂದ ಬಂದವರು. ಸರ್ಜನ್. ಮೊಬೈಲ್ ಹಿಡಿದುಕೊಂಡು ಹೇಗೋ ಒಳಗೆ ನುಗ್ಗಿದ ಒಬ್ಬ. ದೊಡ್ಡಪ್ಪ. ಸೋದರಮಾವ. ಪಕ್ಕದ ಬೆಡ್ಡಿನವರ ನೆಂಟರು. ಕೊನೆಗೆ ನೆಲ ಒರೆಸಲು ಬಂದವರು. ಹತ್ತು ಸಲ. ಹತ್ತು ಸಲವೂ ಅವನು ಮೊದಲಿನಿಂದ ಹೇಳಿದ. ಹತ್ತನೆಯ ಸಲ ಅವನ ದನಿಯಲ್ಲಿ ಏನೂ ಇರಲಿಲ್ಲ, ಬಸ್ ಟೈಮಿಂಗ್ ಹೇಳಿದ ಹಾಗೆ ಹೇಳಿದ. ‘ಗಟ್ಟಿ ಹುಡುಗ’ ಅಂದುಕೊಂಡೆವು.

ಮನಸ್ಸಿನಲ್ಲಿರುವುದನ್ನೆಲ್ಲ ಬೇಗ ಕಕ್ಕಿಸಿಬಿಟ್ಟರೆ ಹಗುರಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಹಾಗೇನಿಲ್ಲ. ದುರಂತ ಆದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವ ಪದ್ಧತಿ ಹೊರದೇಶಗಳಲ್ಲಿ ಬಹಳ ನಡೆಯುತ್ತಿತ್ತು. ಅದರ ಮೇಲೆ ಆದ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2002ರಲ್ಲಿ ಕಾಕ್ರೇನ್ ಸಂಸ್ಥೆ ನೋಡಿದಾಗ, ಅದರಿಂದ ಮುಂದೆ ಬರಬಹುದಾದ ಮಾನಸಿಕ ಆಘಾತದ ಕಾಯಿಲೆ ತಪ್ಪುವುದಿಲ್ಲ ಎಂದು ಗೊತ್ತಾಯಿತು. ಕೆಲವರಿಗೆ ಜಾಸ್ತಿಯೂ ಆಗಬಹುದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನಸ್ಸಿನ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿತು. ಅದರ ಸಾರ ಮೂರೇ ಮಾತು: ನೋಡು, ಕೇಳಿಸಿಕೋ, ಜೋಡಿಸು. ಕೆದಕು ಎಂದು ಎಲ್ಲೂ ಇಲ್ಲ. ಮೊದಲು ನೀರು, ಬಟ್ಟೆ, ಮನೆಯವರು, ಸುರಕ್ಷಿತ ಜಾಗ. ಅವನಾಗಿ ಹೇಳಿದರೆ ಕೇಳು. ಮುಂದೆ ಯಾರ ಹತ್ತಿರ ಹೋಗಬೇಕೋ ಅಲ್ಲಿಗೆ ತಲುಪಿಸು. ಅಷ್ಟೇ.

ಈಗ ನನ್ನ ತಪ್ಪು. ನಮ್ಮ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಕಬ್ಬಿಣದ ಸ್ಟೂಲ್ ಇತ್ತು. ಸಿಂಕಿನ ಕಡೆ ಮುಖ, ಬಾಗಿಲ ಕಡೆ ಬೆನ್ನು. ಹೊಲಿಗೆ ಬಿಚ್ಚಿಸಲು ಬಂದವನು ಅದರ ಮೇಲೆ ಕೂತಿದ್ದ. ನಾನು ಹೊರಗಿನಿಂದ ಬಂದವಳು ಹಿಂದಿನಿಂದ ಅವನ ಭುಜದ ಮೇಲೆ ಕೈಯಿಟ್ಟು ‘ಏನಪ್ಪಾ, ಹೇಗಿದ್ದೀಯ’ ಅಂದೆ. ಪ್ರೀತಿಯಿಂದಲೇ ಅಂದದ್ದು. ಅವನು ಎಗರಿ ಎದ್ದ. ಟ್ರೇ ಹಾರಿ ಹೋಯಿತು, ಕತ್ತರಿ, ಹತ್ತಿ ಎಲ್ಲ ನೆಲದ ಮೇಲೆ. ಅವನ ಮೊಣಕೈ ನನ್ನ ಗಲ್ಲಕ್ಕೆ ಬಡಿಯಿತು. ನನಗೆ ಸಿಟ್ಟು ನೆತ್ತಿಗೇರಿತು. ‘ಏನೋ ಇದು, ರೌಡಿ ಥರ ಆಡ್ತೀಯಲ್ಲ!’ ಅಂದುಬಿಟ್ಟೆ. ಅವನು ಮಾತಾಡಲಿಲ್ಲ. ಗೋಡೆಗೆ ಬೆನ್ನು ಒತ್ತಿ ನಿಂತು ಬಾಗಿಲನ್ನೇ ನೋಡುತ್ತಿದ್ದ. ಜೂನ್ ತಿಂಗಳ ಚಳಿಮಳೆಯಲ್ಲಿ ಅಂಗಿ ಬೆವರಿಗೆ ಒದ್ದೆ. ಅರ್ಧ ಹೊಲಿಗೆ ಉಳಿಸಿಕೊಂಡೇ ಹೋದ.

ಆ ‘ರೌಡಿ’ ಅನ್ನುವ ಮಾತು ನನ್ನ ನಿದ್ದೆ ಕೆಡಿಸಿತು. ಎರಡು ದಿನ ಬಿಟ್ಟು ಕತ್ತರಿ, ಚಿಮುಟ, ಸ್ಪಿರಿಟ್ ಬಾಟಲಿ ಚೀಲಕ್ಕೆ ಹಾಕಿಕೊಂಡು ಅವನ ಮನೆ ಹುಡುಕಿಕೊಂಡು ಹೋದೆ. ಉಳಿದ ಹೊಲಿಗೆ ಅವನ ಮನೆಯ ಜಗಲಿಯಲ್ಲಿ ಬಿಚ್ಚಿದೆ. ಹಾಗೆ ಶುರುವಾದದ್ದು ನಮ್ಮ ಪರಿಚಯ.

ಅವನದು ರೌಡಿತನ ಅಲ್ಲ. ಜೀವಕ್ಕೆ ಅಪಾಯ ಬಂದಾಗ ಮಿದುಳು ಯೋಚನೆ ಮಾಡುತ್ತಾ ಕೂರುವುದಿಲ್ಲ, ಗಂಟೆ ಬಾರಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲು ಓಡಲು ಇಲ್ಲವೇ ಹೊಡೆಯಲು ತಯಾರಾಗುತ್ತವೆ. ಅಪಾಯ ಹೋದ ಮೇಲೆ ಗಂಟೆ ನಿಲ್ಲಬೇಕು. ತುಂಬಾ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ನಿಲ್ಲುತ್ತದೆ, ಎಲ್ಲರಿಗೂ ಚಿಕಿತ್ಸೆ ಬೇಕಾಗುವುದಿಲ್ಲ. ಕೆಲವರಿಗೆ ನಿಲ್ಲುವುದಿಲ್ಲ. ಹಿಂದಿನಿಂದ ಬಂದ ಹೆಜ್ಜೆ, ಒಂದು ವಾಸನೆ, ಒಂದು ಸದ್ದು ಸಾಕು, ಮತ್ತೆ ಬಾರಿಸುತ್ತದೆ. ಇವನಿಗೆ ಆ ಸದ್ದು ಅಂಗಡಿ ಶಟರ್ ಎಳೆಯುವುದು. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? 2022ರ ಫೆಬ್ರವರಿಯಲ್ಲಿ, ಅದೇ ವರ್ಷ ಆಗಸ್ಟ್‌ನಲ್ಲಿ, 2023ರ ಅಕ್ಟೋಬರ್‌ನಲ್ಲಿ ಊರಲ್ಲಿ ಗಲಭೆ ಆದಾಗ ನಾವು ಆ ಸದ್ದು ಕೇಳಿದ್ದೇವೆ. ಹಾಡಹಗಲಲ್ಲಿ ಸಾಲಾಗಿ ಶಟರ್ ಇಳಿಯುತ್ತವೆ, ಮಕ್ಕಳನ್ನು ಶಾಲೆಯಿಂದ ಕರೆತರಲು ತಾಯಂದಿರು ಓಡುತ್ತಾರೆ. ಆಗ 12–13 ವರ್ಷದವರಾಗಿದ್ದ ಮಕ್ಕಳು ಇವತ್ತು ಕಾಲೇಜಿನಲ್ಲಿದ್ದಾರೆ. ಅವರನ್ನು ಕೂರಿಸಿಕೊಂಡು ಯಾರಾದರೂ ಮಾತಾಡಿಸಿದ್ದೀರಾ? ಶಾಂತಿ ಸಭೆಗಳಾದವು. ನಾನು ಕಂಡ ಸಭೆಗಳಲ್ಲಿ ಕುರ್ಚಿಯ ಮೇಲೆ ಕೂತವರೆಲ್ಲ ಐವತ್ತು ದಾಟಿದವರೇ.

ಮುಂದಿನ ಕಥೆ ನಿಮಗೂ ಗೊತ್ತಿರುವಂಥದ್ದೇ. ಹುಡುಗ ಕ್ಲಾಸಿನಲ್ಲಿ ಕೊನೇ ಬೆಂಚು ಹಿಡಿದ, ಗೋಡೆಗೆ ಒರಗಿ. ಕರೆದರೆ ಕೇಳಿಸದು. ಹಾಜರಾತಿ ಬಿತ್ತು. ‘ಶೋಕಿ ಜಾಸ್ತಿಯಾಗಿದೆ’ ಅಂದರು. ಮೊದಲ ಪಿಯುಸಿ ಅರ್ಧಕ್ಕೆ ನಿಂತಿತು. ತಾಯಿ ನಿಮಿತ್ತ ಕೇಳಿಸಿದರು, ತಾಯಿತ ಕಟ್ಟಿಸಿದರು. ನಾನು ಅದನ್ನು ಆಡಿಕೊಳ್ಳುವುದಿಲ್ಲ. ತಾಯಿತ ಕಟ್ಟಿದ ಅಜ್ಜ ಅವನ ಕೈ ಹಿಡಿದುಕೊಂಡು ‘ಹೆದರಬೇಡ ಮಗಾ’ ಅಂದರಂತೆ. ನಾವು ಆಸ್ಪತ್ರೆಯವರು ಅಷ್ಟೂ ಅಂದಿರಲಿಲ್ಲ. ಆದರೆ ರಾತ್ರಿ ಕಿರುಚುವುದು ನಿಲ್ಲಲಿಲ್ಲ.

ಸರ್ಕಾರದಲ್ಲಿ ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. 1980ರ ದಶಕದಲ್ಲಿ ಅದನ್ನು ಮೊದಲು ಮಾಡಿ ನೋಡಿದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಇದೆ. ಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಯುವಕರಿಗೆ ಸಲಹೆ ಕೊಡುವ ಯುವ ಸ್ಪಂದನ ಇದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ 1098 ಸಹಾಯವಾಣಿ ಇದೆ. ಮನಸ್ಸಿನ ಕಾಯಿಲೆ ಬಗ್ಗೆ ಹಳ್ಳಿಯವರಿಗೂ ತಿಳಿಯುವ ಕನ್ನಡದಲ್ಲಿ ಬರೆದು, ಮಾತಾಡಿ ನಾಚಿಕೆ ಬಿಡಿಸಿದ ಡಾ. ಅಶೋಕ್ ಪೈ ಅವರು ಕೆಲಸ ಮಾಡಿದ ಊರು ನಮ್ಮದು. ಅವರು 2016ರಲ್ಲಿ ತೀರಿಕೊಂಡರು. ಈ ಊರಿನ ಜನ ಮನೋವೈದ್ಯರ ಬಾಗಿಲಿಗೆ ಹೋಗಲು ಬೇರೆ ಊರಿನವರಷ್ಟು ಹಿಂಜರಿಯುವುದಿಲ್ಲ. ಅದು ಅವರಂಥವರ ಪುಣ್ಯ.

ಎಲ್ಲ ಇದೆ. ಒಂದರಿಂದ ಇನ್ನೊಂದಕ್ಕೆ ದಾರಿ ಇಲ್ಲ. 16ರ ಹುಡುಗ ತಾನಾಗಿ ಎದ್ದು ಮಂಗಳವಾರದ ಕ್ಯೂನಲ್ಲಿ ನಿಲ್ಲುತ್ತಾನಾ? ಹೊಸನಗರ, ಆಗುಂಬೆ ಕಡೆ ಎಷ್ಟೋ ಮನೆಗಳಲ್ಲಿ ನೆಟ್‌ವರ್ಕ್ ಸಿಗಲು ಫೋನ್ ಹಿಡಿದು ಗುಡ್ಡ ಹತ್ತಬೇಕು, ಇಲ್ಲ ರಸ್ತೆಗೆ ಬರಬೇಕು. ಬಸ್ ಸ್ಟಾಪಿನಲ್ಲಿ ಊರಿನವರೆಲ್ಲ ಕೂತಿರುವಾಗ ‘ನನಗೆ ನಿದ್ದೆ ಬರಲ್ಲ, ಸಾಯಬೇಕು ಅನ್ಸುತ್ತೆ’ ಎಂದು ಯಾರು ಹೇಳುತ್ತಾರೆ? ಮಲೆನಾಡಿನಲ್ಲಿ ಏಟು ಬೀಳುವುದು ಬೀದಿಯಲ್ಲಿ ಮಾತ್ರವೂ ಅಲ್ಲ. ತೋಟದ ನಡುವೆ ಒಂಟಿ ಮನೆ, ಕುಡಿದು ಬರುವ ಅಪ್ಪ, ಕೂಗಿದರೆ ಆಚೆ ಮನೆಗೆ ಕೇಳಿಸದಷ್ಟು ಮಳೆ. ಆ ಮನೆಯ ಹೆಣ್ಣುಮಕ್ಕಳ ಕಥೆಗೆ ಇನ್ನೊಂದು ಪತ್ರವೇ ಬೇಕು.

ನಾನೇ ಅವನನ್ನು ಕರೆದುಕೊಂಡು ಹೋದೆ. ಮನೋವೈದ್ಯರು ನೋಡಿದರು, ಮಾತ್ರೆಗಿಂತ ಮಾತಿನ ಚಿಕಿತ್ಸೆ ಮುಖ್ಯ ಅಂದರು. ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಒಂದಿದೆ, ಸಾಮಾನ್ಯವಾಗಿ 12ರಿಂದ 16 ವಾರ. ಮೊದಲ ವಾರಗಳಲ್ಲಿ ಆ ಘಟನೆಯ ಸುದ್ದಿಯೇ ಇಲ್ಲ. ಉಸಿರಾಡುವುದು, ಹೆದರಿಕೆ ಬಂದಾಗ ಏನು ಮಾಡಬೇಕು, ಸಿಟ್ಟಿಗೂ ಹೆದರಿಕೆಗೂ ವ್ಯತ್ಯಾಸ ಏನು, ಇಷ್ಟೇ. ತಾಯಿಯನ್ನೂ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಆಮೇಲೆ ಸ್ವಲ್ಪಸ್ವಲ್ಪವಾಗಿ, ಅವನು ತಡೆದುಕೊಳ್ಳುವಷ್ಟೇ, ಆ ಸಂಜೆಯ ಕಥೆಗೆ ಬರುತ್ತಾರೆ. ಬೇಕಾದಲ್ಲಿ ನಿಲ್ಲಿಸುವ ಹಕ್ಕು ಅವನದು.

ಮೂರು ವಾರ ಆಯಿತು. ನಾಲ್ಕನೆಯ ವಾರ ಹೋದರೆ ಕೌನ್ಸೆಲರ್ ಇಲ್ಲ. ಗುತ್ತಿಗೆ ಕೆಲಸ, ಬೇರೆ ಕಡೆ ಸಿಕ್ಕಿತು, ಹೋದರು. ಆ ಹುಡುಗಿಯನ್ನು ದೂರುವುದಿಲ್ಲ, ಅವಳಿಗೂ ಹೊಟ್ಟೆ ಇದೆ. ಹೊಸಬರು ಬಂದರು, ಫೈಲ್ ತೆರೆದು ‘ಹೇಳಪ್ಪ, ಏನಾಯ್ತು?’ ಅಂದರು. ಅವನು ನನ್ನ ಕಡೆ ತಿರುಗಿದ. ‘ಮತ್ತೆ ಮೊದಲಿಂದ ಹೇಳ್ಬೇಕಾ ಸಿಸ್ಟ್ರೇ?’ ಎಂದ. ಆಮೇಲೆ ಎರಡು ತಿಂಗಳು ಅವನು ಅತ್ತ ಕಾಲಿಡಲಿಲ್ಲ.

ನಿಮ್ಮ ಮುಂದೆ ನಾನು ಇಡುವ ಮಾತು ಇದೊಂದೇ. ಬಂದು ಹೋಗುವವರು ಬೇಡ. ಉಳಿಯುವವರು ಬೇಕು. ಅಮೆರಿಕದಲ್ಲಿ ಹಿರಿಯರೊಬ್ಬರನ್ನು ಮಗುವಿಗೆ ಜೊತೆ ಮಾಡಿಕೊಡುವ ಹಳೆಯ ಸಂಸ್ಥೆ ಒಂದಿದೆ. ಅಲ್ಲಿನ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ವರ್ಷ ದಾಟಿದ ಜೊತೆಯಿಂದ ಮಕ್ಕಳಿಗೆ ಜಾಸ್ತಿ ಉಪಯೋಗ ಆಗಿತ್ತು. ಮೂರು ತಿಂಗಳೊಳಗೆ ಮುರಿದುಹೋದ ಕಡೆ ಮಕ್ಕಳಿಗೆ ತಮ್ಮ ಮೇಲಿನ ಭರವಸೆ ಮೊದಲಿಗಿಂತಲೂ ಕಡಿಮೆಯಾಗಿತ್ತು. ಅಂದರೆ ಅರ್ಧಕ್ಕೆ ಕೈಬಿಡುವುದಕ್ಕಿಂತ ಶುರು ಮಾಡದಿರುವುದೇ ಒಳ್ಳೆಯದು. ನಮ್ಮ ಒಂದು ದಿನದ ‘ಯುವಜನ ಜಾಗೃತಿ ಶಿಬಿರ’ಗಳನ್ನು ನೆನೆಸಿಕೊಳ್ಳಿ. ಉದ್ಘಾಟನೆ, ಹಾರ, ಪಲಾವ್, ಗುಂಪು ಫೋಟೋ.

ಆ ವರ್ಷ ನವೆಂಬರ್‌ನಲ್ಲಿ ನಾನು ಅವನನ್ನೂ ಅವನ ತಾಯಿಯನ್ನೂ ತೀರ್ಥಹಳ್ಳಿ ಕಡೆಯ ನನ್ನ ಅಣ್ಣನ ಮನೆಗೆ ಕರೆದುಕೊಂಡು ಹೋದೆ. ಅಡಿಕೆ ಗೊನೆ ಕೊಯ್ಲಿನ ಸಮಯ, ಸುಲಿಯಲು ಜನ ಬೇಕಿತ್ತು. ಈಗ ಸುಲಿಯುವ ಯಂತ್ರ ಬಂದಿದೆ, ಆದರೂ ಅಣ್ಣನ ಮನೆಯಲ್ಲಿ ಅರ್ಧ ಕೈಯಲ್ಲೇ. ರಾತ್ರಿ ಊಟ ಆದ ಮೇಲೆ ಅಂಗಳದಲ್ಲಿ ಲೈಟು ಹಾಕಿ ಮೆಟ್ಟುಗತ್ತಿ ಇಟ್ಟುಕೊಂಡು ಏಳೆಂಟು ಜನ ಸಾಲಾಗಿ ಕೂರುತ್ತಾರೆ. ಹತ್ತಿರದಲ್ಲೇ ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ವಾಸನೆ.

ಮೆಟ್ಟುಗತ್ತಿ ನೋಡಿದವರಿಗೆ ಗೊತ್ತು, ಹಲಗೆಗೆ ನಿಲ್ಲಿಸಿದ ಬಾಗಿದ ಅಲಗು. ಮೊದಲ ದಿನ ಅದನ್ನು ಕಂಡವನೇ ಹುಡುಗ ಬಿಳಿಚಿಕೊಂಡ. ನನಗೆ ಆಗ ಹೊಳೆಯಿತು, ಎಂಥ ಜಾಗಕ್ಕೆ ಕರೆತಂದೆ ಎಂದು. ವಾಪಸ್ ಹೋಗೋಣವಾ ಅಂದೆ. ಬೇಡ ಅಂದ. ಅತ್ತಿಗೆ ಏನೂ ಕೇಳಲಿಲ್ಲ. ‘ನೀನು ಬುಟ್ಟಿ ಹೊರು ಮಾರಾಯ, ಅದಕ್ಕೇ ಜನ ಇಲ್ಲ’ ಅಂದಳು ಅಷ್ಟೇ. ಅವನು ಬುಟ್ಟಿ ಹೊತ್ತ. ಸಿಪ್ಪೆ ಗುಡಿಸಿದ. ಹಂಡೆಗೆ ಬೆಂಕಿ ನೋಡಿಕೊಂಡ. ಅಂಗಳದ ಆ ತುದಿಯಲ್ಲೇ ಇರುತ್ತಿದ್ದ, ಗೋಡೆಗೆ ಬೆನ್ನು ಕೊಟ್ಟು. ಐದನೆಯ ರಾತ್ರಿ ಸಾಲಿನ ಕೊನೆಗೆ ಬಂದು ಕೂತ, ಸುಲಿದದ್ದನ್ನು ಆರಿಸುತ್ತಾ. ಒಂಬತ್ತನೆಯ ರಾತ್ರಿ ಒಂದು ಮೆಟ್ಟುಗತ್ತಿ ಖಾಲಿ ಇತ್ತು. ಯಾರೂ ಕರೆಯಲಿಲ್ಲ. ಅವನೇ ಹೋಗಿ ಅದರ ಮೇಲೆ ಕಾಲಿಟ್ಟು ಕೂತ. ಮೊದಲ ಅಡಿಕೆ ಸುಲಿಯಲು ಎರಡು ನಿಮಿಷ ಹಿಡಿಯಿತು. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ.

ಆ ಮೇಲೆ ಎರಡು ಮೂರು ದಿನ ಕಳೆದಿರಬೇಕು. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಅಲಗಿನ ಮೇಲೆ. ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ‘ಅವನು ನೀರು ಕೇಳಿದ್ದ ಸಿಸ್ಟ್ರೇ’ ಎಂದ. ‘ನಾನು ಓಡಿಹೋದೆ.’ ಸಾಲಿನಲ್ಲಿದ್ದವರು ಯಾರೂ ಕೈ ನಿಲ್ಲಿಸಲಿಲ್ಲ. ಆಚೆ ಕೂತಿದ್ದ ಒಬ್ಬ ಮುದುಕಮ್ಮ ‘ಹೆದರಿಕೆ ಆದ್ರೆ ಯಾರಾದ್ರೂ ಓಡ್ತಾರೆ ಕಣೋ’ ಅಂದರು. ಮತ್ತೆ ಅಡಿಕೆ ಸುಲಿಯುವ ಸದ್ದು.

ಇದೇ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ. ಅಡಿಕೆ ಸುಲಿದರೆ ಆಘಾತ ವಾಸಿಯಾಗುತ್ತದೆ ಎಂದು ನಾಳೆ ಯಾರೂ ವಾಟ್ಸ್ಯಾಪಿನಲ್ಲಿ ಹಾಕಬೇಡಿ. ಅಲ್ಲಿಂದ ಬಂದ ಮೇಲೆ ಅವನು ಕೌನ್ಸೆಲರ್ ಹತ್ತಿರ ಮತ್ತೆ ಹೋದ, 14 ವಾರ ಪೂರ್ತಿ ಹೋದ, ರಾತ್ರಿ ಕಿರುಚುವುದು ಕಡಿಮೆಯಾದದ್ದು ಆಮೇಲೆಯೇ. ಆದರೆ ಆ ಬಾಗಿಲಿನ ತನಕ ಅವನನ್ನು ತಲುಪಿಸಿದ್ದು ಆ ಅಂಗಳ. ಎರಡೂ ಬೇಕು. ಮನೋವೈದ್ಯರ ಕೆಲಸ ಊರಿನವರು ಮಾಡಲಾಗದು, ಊರಿನವರ ಕೆಲಸ ಮನೋವೈದ್ಯರು ಮಾಡಲಾಗದು.

ಬೇರೆ ಕಡೆ ಇದನ್ನು ಮಾಡಿದ್ದಾರೆ. ಜಿಂಬಾಬ್ವೆಯಲ್ಲಿ 2006ರಲ್ಲಿ ಡಿಕ್ಸನ್ ಚಿಬಾಂಡ ಎನ್ನುವ ಮನೋವೈದ್ಯರು 14 ಜನ ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಒಂದು ಬೆಂಚು ಹಾಕಿ ಕೂರಿಸಿದರು. ಅಲ್ಲಿನ ಭಾಷೆಯಲ್ಲಿ ಖಿನ್ನತೆಗೆ ‘ಅತಿಯಾಗಿ ಯೋಚಿಸುವುದು’ ಎನ್ನುವ ಮಾತಿದೆಯಂತೆ. ನಾವು ‘ಯೋಚನೆ ಹಚ್ಚಿಕೊಂಡಿದ್ದಾನೆ’ ಅನ್ನುತ್ತೇವಲ್ಲ, ಹಾಗೆ. 2016ರಲ್ಲಿ ಬಂದ ಅಧ್ಯಯನದಲ್ಲಿ ಅಜ್ಜಿಯರ ಬೆಂಚಿಗೆ ಬಂದವರು ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು. ಅಷ್ಟು ದೂರ ಯಾಕೆ, ಪಕ್ಕದ ಗೋವಾದಲ್ಲಿ ಸಂಗಾತ್ ಸಂಸ್ಥೆಯವರು ಡಾಕ್ಟರಲ್ಲದ ಸ್ಥಳೀಯರಿಗೇ ತರಬೇತಿ ಕೊಟ್ಟು ಖಿನ್ನತೆಗೆ ಸಲಹೆಗಾರರನ್ನಾಗಿ ಮಾಡಿ ತೋರಿಸಿದ್ದಾರೆ.

ನಮ್ಮಲ್ಲೂ ಅಂಥ ಜನ ಇದ್ದಾರೆ. ರಿಟೈರಾದ ಕಂಡಕ್ಟರುಗಳು, ಗ್ಯಾರೇಜು ಇಟ್ಟುಕೊಂಡವರು, ಕಬಡ್ಡಿ ಕೋಚುಗಳು, ಟೈಲರಮ್ಮಂದಿರು. ಅವರನ್ನು ಕರೆಯಿರಿ. ‘ಜೊತೆ’ ಎಂದು ಕರೆದರೆ ಸಾಕು, ದೊಡ್ಡ ಹೆಸರು ಬೇಡ. ಒಬ್ಬರಿಗೆ ಒಂದೇ ಮಗು, ವಾರಕ್ಕೆ ಒಂದೆರಡು ಗಂಟೆ, ಕನಿಷ್ಠ ಒಂದು ವರ್ಷ. ಉಪದೇಶ ಮಾಡುವ ಚಟ ಇರುವವರನ್ನು ಮೊದಲ ದಿನವೇ ಮನೆಗೆ ಕಳಿಸಿ. ಪೊಲೀಸ್ ವೆರಿಫಿಕೇಷನ್ ಆಗಲೇಬೇಕು, ಎಷ್ಟೇ ದೊಡ್ಡ ಮನುಷ್ಯರಾದರೂ. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಮಗುವಿನ ಜೊತೆ ಕೂರುವ ಹಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಎಲ್ಲರೂ ಒಬ್ಬ ಮನಶ್ಶಾಸ್ತ್ರಜ್ಞರ ಮುಂದೆ ಕೂತು ಮಾತಾಡಬೇಕು, ಯಾಕೆಂದರೆ ಕೇಳಿಸಿಕೊಳ್ಳುವವರ ನಿದ್ದೆಯೂ ಕೆಡುತ್ತದೆ. ನನ್ನದು ಕೆಟ್ಟಿದೆ. ಬಸ್ ಚಾರ್ಜು ಕೊಡಿ. ಮತ್ತೆ, ದಯವಿಟ್ಟು ಈ ಕೆಲಸವನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ. ಅವರ ಕೈಯಲ್ಲಿ ಈಗಲೇ ಎಷ್ಟು ರಿಜಿಸ್ಟರ್ ಇವೆ ಎಂದು ಎಣಿಸಿದ್ದೀರಾ?

ಕೌನ್ಸೆಲರುಗಳ ಗುತ್ತಿಗೆಯನ್ನು ಕನಿಷ್ಠ ಎರಡು ವರ್ಷಕ್ಕಾದರೂ ಮಾಡಿ. ಹೋಗಲೇಬೇಕಾದರೆ ಹಳಬರು ಹೊಸಬರನ್ನು ಮಗುವಿನ ಎದುರಿಗೆ ಪರಿಚಯ ಮಾಡಿಸಿ ಹೋಗಲಿ, ಎರಡು ವಾರ ಇಬ್ಬರೂ ಒಟ್ಟಿಗೆ ಕೂರಲಿ. ಬ್ಯಾಂಕಿನಲ್ಲಿ ಕ್ಯಾಶ್ ಕೀಲಿಯನ್ನೂ ಹೀಗೇ ಕೈಗೆ ಕೈ ಕೊಡುತ್ತಾರೆ.

ಇನ್ನು ಕ್ಯಾಶುಯಾಲಿಟಿಯ ಆ ಮೊದಲ ರಾತ್ರಿ. ನೀವು ಯಾರೂ ನೋಡಿರದ ಒಂದು ಗಳಿಗೆ ಇರುತ್ತದೆ. ಹೊಲಿಗೆ ಮುಗಿದಿರುತ್ತದೆ. ನಾಲ್ಕೈದು ಸ್ನೇಹಿತರು ಬೆಡ್ಡಿನ ಸುತ್ತ ನಿಂತಿರುತ್ತಾರೆ. ಒಬ್ಬನ ಕೈಯಲ್ಲಿ ಫೋನು. ‘ಬಿಡಬಾರ್ದು ಮಗಾ’ ಎಂದು ಮೆಲ್ಲಗೆ ಒಬ್ಬ ಹೇಳುತ್ತಾನೆ. ಮುಂದಿನ ಕೊಲೆ ತೀರ್ಮಾನವಾಗುವುದು ಆ ಗಳಿಗೆಯಲ್ಲಿ, ನಮ್ಮ ಗ್ಲೂಕೋಸ್ ಸ್ಟ್ಯಾಂಡಿನ ಪಕ್ಕದಲ್ಲಿ. ಚಾಕು ಇರಿತಕ್ಕೆ ಕುಖ್ಯಾತವಾಗಿದ್ದ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೊಲೀಸರೇ 2005ರಲ್ಲಿ ಹಿಂಸೆಯನ್ನು ಕಾಯಿಲೆ ಥರ ನೋಡೋಣ ಎಂದು ಒಂದು ವಿಭಾಗ ಮಾಡಿದರು. 2015ರ ಕೊನೆಯಿಂದ ಅಲ್ಲಿನ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ‘ದಾರಿ ತೋರಿಸುವವರು’ ಇರುತ್ತಾರೆ. ಪೊಲೀಸರಲ್ಲ, ಡಾಕ್ಟರಲ್ಲ. ಕೆಲವರು ತಾವೇ ಹಿಂದೆ ಆ ಹಾದಿಯಲ್ಲಿ ನಡೆದು ಹೊರಬಂದವರು. ಬೆಡ್ಡಿನ ಪಕ್ಕ ಕೂತು ‘ಮನೆಗೆ ಹೇಗೆ ಹೋಗ್ತೀಯ, ಊಟ ಆಯ್ತಾ’ ಎನ್ನುವಲ್ಲಿಂದ ಶುರು ಮಾಡುತ್ತಾರೆ. ನಮಗೆ ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ ಅಂಥ ಇಬ್ಬರನ್ನು ಕೊಡಿ. ಸದ್ಯಕ್ಕೆ ಅಷ್ಟು ಸಾಕು.

ಎಸ್ಪಿ ಸಾಹೇಬರೇ, ಹೊಡೆದವನಿಗೂ ಎಷ್ಟೋ ಸಲ 17 ಇರುತ್ತದೆ. ಅವನನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ, ಕಾನೂನು ಇದೆ. ಆದರೆ ಅವನೂ ಯಾವುದೋ ಮನೆಯಲ್ಲಿ ಬೆಲ್ಟಿನ ಏಟು ತಿಂದು ಬಂದವನಾಗಿರುವುದು ಜಾಸ್ತಿ. ಅಮೆರಿಕದಲ್ಲಿ 17,000ಕ್ಕೂ ಹೆಚ್ಚು ಜನರನ್ನು ಅವರ ಬಾಲ್ಯದ ಬಗ್ಗೆ ಕೇಳಿ ಮಾಡಿದ ಅಧ್ಯಯನ 1998ರಿಂದ ಬರತೊಡಗಿತು. ಹೊಡೆತ, ಮನೆಯಲ್ಲಿ ಕುಡಿತ, ತಾಯಿಗೆ ಬೀಳುವ ಏಟು, ಇಂಥ ನಾಲ್ಕು ಅಥವಾ ಜಾಸ್ತಿ ಬಗೆ ಕಂಡವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಯತ್ನ 4ರಿಂದ 12 ಪಟ್ಟು ಹೆಚ್ಚು ಕಂಡಿತು. ಬಾಲಮಂದಿರದ ಮಕ್ಕಳಿಗೂ ಒಂದೊಂದು ‘ಜೊತೆ’ ಬೇಕು. ಮತ್ತೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ, ಪೊಲೀಸರು ಮಗುವಿನ ಹೇಳಿಕೆ ತೆಗೆದುಕೊಳ್ಳುವಾಗ ಯೂನಿಫಾರ್ಮ್ ಹಾಕಿರಬಾರದು, ಮಗುವಿನ ಮನೆಯಲ್ಲೋ ಅದು ಇಷ್ಟಪಟ್ಟ ಕಡೆಯಲ್ಲೋ ತೆಗೆದುಕೊಳ್ಳಬೇಕು ಎಂದಿದೆ. ಎಷ್ಟು ಒಳ್ಳೆಯ ನಿಯಮ! ಮಚ್ಚಿನೇಟು ತಿಂದ ಹುಡುಗನಿಗೂ, ಕೊಲೆ ನೋಡಿದ ಹುಡುಗಿಗೂ ಅದನ್ನೇ ಮಾಡಿದರೆ ಯಾರೂ ಬೇಡ ಎನ್ನುವುದಿಲ್ಲ.

ಊರಿನವರಿಗೆ ಒಂದು ಮಾತು. ಆ ಹುಡುಗ ಆಸ್ಪತ್ರೆಯಿಂದ ಮನೆಗೆ ಹೋದ ದಿನ ತನ್ನದೇ ರಕ್ತದ ವಿಡಿಯೋವನ್ನು ಪಕ್ಕದ ಮನೆಯವರ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ನೋಡಿದ. ಹಿನ್ನೆಲೆಗೆ ಸಿನಿಮಾ ಮ್ಯೂಸಿಕ್ ಹಾಕಿದ್ದರು. ಅವನ ಸ್ನೇಹಿತ ಅದರಲ್ಲಿ ಇನ್ನೂ ಬದುಕಿದ್ದ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಅಪರಾಧಕ್ಕೆ ತುತ್ತಾದ ಇಲ್ಲವೇ ಸಾಕ್ಷಿಯಾದ ಮಗುವಿನ ಗುರುತು ತಿಳಿಯುವ ಹಾಗೆ ಏನನ್ನೂ ಹಾಕುವಂತಿಲ್ಲ. ಕಾಯ್ದೆ ಬಿಡಿ. ಸುಮ್ನೆ ಡಿಲೀಟ್ ಮಾಡಿ.

ಈಗ ಅವನು ಐಟಿಐ ಓದುತ್ತಿದ್ದಾನೆ. ಶಟರ್ ಸದ್ದಿಗೆ ಇನ್ನೂ ಬೆಚ್ಚುತ್ತಾನೆ. ಆದರೆ ಓಡುವುದಿಲ್ಲ, ನಿಂತು ಉಸಿರು ಎಣಿಸುತ್ತಾನೆ. ಬುಧವಾರ ಸಂಜೆ ನಮ್ಮ ಮನೆಗೆ ಬರುತ್ತಾನೆ, ಮಂಡಕ್ಕಿ ತಿನ್ನುತ್ತಾ ಯಾವುದೋ ಕ್ರಿಕೆಟ್ ನೋಡುತ್ತೇವೆ. ನನಗೆ ಕ್ರಿಕೆಟ್ ತಲೆಗೆ ಹತ್ತುವುದಿಲ್ಲ.

ಈ ಪತ್ರವನ್ನು ಅವನಿಗೂ ಅವನ ತಾಯಿಗೂ ಓದಿ ಹೇಳಿ, ಒಪ್ಪಿಗೆ ಕೇಳಿಯೇ ಕಳಿಸುತ್ತಿದ್ದೇನೆ. ಎರಡು ಕಡೆ ಹೊಡೆದು ಹಾಕಿಸಿದ, ಹಾಕಿಸಿದ್ದೇನೆ. ನಿನ್ನ ಕಡೆಯಿಂದ ಜಿಲ್ಲಾಧಿಕಾರಿಗಳಿಗೆ ಏನಾದರೂ ಬರೆಯಲಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಹೇಳಿದ:

‘ಆ ಡ್ರೆಸ್ಸಿಂಗ್ ರೂಮಿನ ಸ್ಟೂಲ್ ಇದೆಯಲ್ಲ, ಅದನ್ನ ಬಾಗಿಲ ಕಡೆಗೆ ತಿರುಗಿಸಿ ಇಡೋಕೆ ಹೇಳಿ ಸಿಸ್ಟ್ರೇ.’

ಇಂತಿ,
ಒಬ್ಬ ನಿವೃತ್ತ ನರ್ಸ್
ಶಿವಮೊಗ್ಗ